ಜೇಬಿನಲ್ಲಿ ಉಳಿದ ಸ್ಕ್ರೂ

ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದ ನಿಧಾನಪ್ಪನಿಗೆ ಸಿಕ್ಕಿದ್ದು ಒಂದು ಸ್ಕ್ರೂ. ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಬೆಳಗ್ಗೆಯಿಂದ ಅವನು ಬಿಚ್ಚಿ ಜೋಡಿಸಿದ್ದು ಒಂದೇ ಗಡಿಯಾರ, ಅದೀಗ ಅವನೆದುರಿನ ಮೇಜಿನ ಮೇಲೇ ಕೂತಿತ್ತು.

ನಿಧಾನಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕಸುಬು ಗಡಿಯಾರ ರಿಪೇರಿ. ಚೆಸ್ ಆಡಲು ಕೂತರೆ ಅವನೊಂದು ಕಾಲಾಳು ನಡೆಸುವಷ್ಟರಲ್ಲಿ ಎದುರಾಳಿ ಮನೆಗೆ ಹೋಗಿ ಸ್ನಾನ ಮುಗಿಸಿ ಬರಬಹುದಿತ್ತು. ಬೇಸತ್ತ ವಾಚನಾಲಯದವರು ಈ ಸಲದ ಫೈನಲ್ಲಿಗೆ ಎರಡು ಮುಖದ ಹಳೇ ಚೆಸ್ ಗಡಿಯಾರವನ್ನು ಅಟ್ಟದಿಂದ ಇಳಿಸಿದ್ದರು. ಒಬ್ಬೊಬ್ಬನಿಗೆ ಅರ್ಧ ಗಂಟೆ. ಕಾಯಿ ನಡೆಸಿ ಗುಂಡಿ ಒತ್ತಿದರೆ ತನ್ನ ಕಡೆಯದು ನಿಂತು ಎದುರಿನವನದು ಓಡಬೇಕು. ಸಮಯ ಮುಗಿದವನು ಸೋತ. ಕೆಟ್ಟಿದ್ದ ಅದನ್ನು ರಿಪೇರಿಗೆ ಕೊಟ್ಟದ್ದೂ ಅವನಿಗೇ. ಕುರಿಯ ಕೈಯಲ್ಲೇ ಕತ್ತಿ ಮಸೆಸಿದ್ದಾರೆಂದು ಔಷಧಿ ಅಂಗಡಿಯವನು ಬೀದಿಗೆಲ್ಲ ಸಾರಿಕೊಂಡು ಬಂದಿದ್ದ.

ಎದುರಾಳಿ ಅವನ ಹೆಂಡತಿಯ ತಮ್ಮ, ದರ್ಜಿ. ಕತ್ತರಿ ಆಡಿಸಿದಂತೆ ಪಟಪಟ ಆಡುವವನು. ಅವನಿಗೆ ಸೋತರೆ ಮನೆಯಲ್ಲಿ ವರ್ಷವಿಡೀ ಕೇಳಬೇಕು; ಅದನ್ನಾದರೂ ಸಹಿಸಿಕೊಳ್ಳಬಹುದು. ಆದರೆ ತೀರ್ಪು ಕೊಡಲು ಕೂತವರು ಶಾಲೆಯ ಹೆಡ್‌ಮೇಡಂ. ಶಾಲೆಯ ಅಷ್ಟೂ ಗಡಿಯಾರಗಳ ಕೆಲಸ ಅವನಿಗೇ ಎಂದು ಮಾತು ಕೊಟ್ಟಿದ್ದರು. ಎಲ್ಲರೂ ಮೊಬೈಲಿನಲ್ಲೇ ಟೈಮ್ ನೋಡುವ ಕಾಲದಲ್ಲಿ ಅವನ ಅಂಗಡಿ ಉಳಿಯಬೇಕಾದರೆ ಆ ಕೆಲಸ ಬೇಕೇ ಬೇಕಿತ್ತು. ಸ್ಕ್ರೂ ಮಾತು ಎತ್ತುವಂತೆಯೇ ಇರಲಿಲ್ಲ.

ಆಟ ಶುರುವಾಯಿತು. ಎಂದಿನಂತೆ ಗಲ್ಲಕ್ಕೆ ಕೈಕೊಟ್ಟು ಯೋಚಿಸಿ ತಲೆಯೆತ್ತಿದರೆ, ತನ್ನ ಮುಳ್ಳು ಎಲ್ಲಿಗೋ ಹೋಗಿಬಿಟ್ಟಿತ್ತು. ಅನುಮಾನವೇ ಉಳಿಯಲಿಲ್ಲ. ಸ್ಕ್ರೂ ತನ್ನ ಕಡೆಯದೇ, ಮುಳ್ಳು ಅಂಕೆತಪ್ಪಿ ಓಡುತ್ತಿದೆ.

"ಏನಯ್ಯಾ, ಗಡಿಯಾರ ಸರಿ ಇದೆ ತಾನೇ?" ಎಂದ ಔಷಧಿ ಅಂಗಡಿಯವನು.

"ಸರಿಯಾಗೇ ಇದೆ. ನಾನೇ ಮಾಡಿದ್ದಲ್ವಾ," ಎಂದ ನಿಧಾನಪ್ಪ.

ಮುಂದೆ ಅವನು ಆಡಿದಂಥ ಆಟವನ್ನು ಬೀದಿಯವರು ಎಂದೂ ಕಂಡಿರಲಿಲ್ಲ. ಕುದುರೆ ನೆಗೆಯಿತು, ಆನೆ ನುಗ್ಗಿತು. ಹಿಂದೆಲ್ಲ ಒಂದೊಂದು ನಡೆಗೂ ಹತ್ತು ಅಪಾಯ ಕಲ್ಪಿಸಿಕೊಂಡು ಕೊನೆಗೆ ಕೆಟ್ಟದ್ದನ್ನೇ ಆರಿಸುತ್ತಿದ್ದವನಿಗೆ ಈಗ ಹೆದರಲೂ ಪುರುಸೊತ್ತಿರಲಿಲ್ಲ. ಕಣ್ಣು ಒಮ್ಮೆ ಮಣೆಯ ಮೇಲೆ, ಒಮ್ಮೆ ತನ್ನ ಮುಳ್ಳಿನ ಮೇಲೆ. ದರ್ಜಿಯೋ, ತನ್ನ ಕಡೆಯ ಗಡಿಯಾರದ ಮುಂದೆ ಮೊಣಕೈ ಊರಿ, ಕೊರಳಿನ ಟೇಪಿನ ತುದಿ ಕಚ್ಚುತ್ತಾ ಯೋಚಿಸಿದ. ಮುಟ್ಟಲು ಹೋದ ಮಂತ್ರಿಯನ್ನು ಬಿಟ್ಟ. ಮತ್ತೆ ಯೋಚಿಸಿದ.

ನಿಧಾನಪ್ಪನ ಸಮಯ ಇನ್ನೇನು ಮುಗಿಯಬೇಕು, ಚೆಕ್‌ಮೇಟ್. ಜನ ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ ಕೂಡ ನಕ್ಕರು. ಅವನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ದರ್ಜಿ ಎದ್ದು ನಿಂತ.

"ಇದು ಮೋಸ ಮೇಡಂ. ನನ್ನ ಕಡೆ ಮುಳ್ಳು ಮೊದಲಿಂದ ಅಲ್ಲಾಡೇ ಇಲ್ಲ. ಇಷ್ಟೊಂದು ಟೈಮ್ ಇದೆಯಲ್ಲಾ ಅಂತ ಜೀವನದಲ್ಲಿ ಮೊದಲ್ನೇ ಸಲ ಯೋಚ್ನೆ ಮಾಡಿ ಆಡ್ದೆ. ಅದಕ್ಕೇ ಸೋತೆ. ಭಾವ ಬೇಕೂಂತ್ಲೇ ಹೀಗೆ ಮಾಡಿದಾರೆ."

ಹೆಡ್‌ಮೇಡಂ ಗುಂಡಿ ಒತ್ತಿ, ಎರಡೂ ಮುಖಗಳನ್ನು ತಮ್ಮ ಕೈಗಡಿಯಾರದೊಂದಿಗೆ ಹೋಲಿಸಿದರು. ದರ್ಜಿಯದು ಸತ್ತು ಬಿದ್ದಿತ್ತು. ನಿಧಾನಪ್ಪನದು ಕರಾರುವಾಕ್ಕಾಗಿ ನಡೆಯುತ್ತಿತ್ತು. ಅರ್ಧ ಗಂಟೆ ಎಂದರೆ ಎಷ್ಟೆಂಬುದೇ ಗಡಿಯಾರ ರಿಪೇರಿಯ ನಿಧಾನಪ್ಪನಿಗೆ ಇಷ್ಟು ದಿನ ಗೊತ್ತಿರಲಿಲ್ಲ.

"ಅಷ್ಟು ಟೈಮ್ ಇದ್ದೋರನ್ನೇ ಸೋಲಿಸಿದೀರಿ, ಗೆಲುವು ನಿಮ್ಮದೇ," ಎಂದರು ಹೆಡ್‌ಮೇಡಂ. "ಶಾಲೆ ಗಡಿಯಾರ ಮಾತ್ರ ಬೇರೆಯವರಿಗೆ ಕೊಡ್ತೀನಿ. ನಿಮಗೆ ಕೊಟ್ರೆ ಮಕ್ಕಳು ಮನೆಗೆ ಹೋಗೋದು ಯಾವಾಗ?"