ಭರಮಮ್ಮನ ಕಂಪನಿ ಹಲ್ಲು

ದೇವರು ಮನುಷ್ಯನನ್ನು ಅರ್ಧಂಬರ್ಧ ಮಾಡಿ ಕಳಿಸಿದ್ದಾನೆ, ಉಳಿದದ್ದನ್ನು ವಿಜ್ಞಾನವೇ ಮಾಡಿ ಮುಗಿಸಬೇಕು ಎಂಬ ಜ್ಞಾನೋದಯ ಹಗರಿಬೊಮ್ಮನಹಳ್ಳಿಯ ಗುಮಾಸ್ತ ಜಂಬಯ್ಯನಿಗೆ ಆದದ್ದು ಕ್ಷೌರದಂಗಡಿಯ ಬೆಂಚಿನ ಮೇಲೆ, ಹರಿದ ವಾರಪತ್ರಿಕೆಯೊಂದನ್ನು ತಿರುವಿಹಾಕುವಾಗ. ಮನೆಗೆ ಓಡಿಬಂದವನೇ ಘೋಷಿಸಿದ.

"ಇನ್ನ ಮುಂದ ಮುಪ್ಪೇ ಇಲ್ಲಲೇ! ಕಣ್ಣಿಗೆ ಬ್ಯಾಟ್ರಿ, ಮೊಣಕಾಲಿಗೆ ಸ್ಟೀಲು, ಎದಿಯೊಳಗ ಪ್ಲಾಸ್ಟಿಕ್ಕು!"

ಹೆಂಡತಿ ಪಕ್ಕೀರಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಮೊದ್ಲು ತಲಿಯೊಳಗ ಏನಾರ ಹಾಕಿಸ್ಕೊಂಡು ಬರ್ರಿ. ಅಲ್ಲೇ ಜಾಗ ಭಾಳ ಖಾಲಿ ಐತಿ."

ಪ್ರಯೋಗಕ್ಕೊಂದು ದೇಹ ಬೇಕಿತ್ತು. ತನ್ನದು ಬೇಡ (ವಿಜ್ಞಾನಿಯೇ ಮಲಗಿಬಿಟ್ಟರೆ ಮೇಲ್ವಿಚಾರಣೆ ಯಾರದು?). ಕಣ್ಣು ಅತ್ತೆ ಭರಮಮ್ಮನ ಮೇಲೆ ಬಿತ್ತು. ಅವಳು ಅವನ ಸೋದರತ್ತೆಯೂ ಹೌದು, ಎತ್ತಿ ಆಡಿಸಿದವಳು. ಒಂದು ಕಾಲಕ್ಕೆ ಕೋಗಳಿಯ ಬಯಲಲ್ಲಿ ನಿಂತು ಒಂದು ಕೂಗು ಹಾಕಿದರೆ ಕುರಿಹಿಂಡೆಲ್ಲ ತಿರುಗುತ್ತಿತ್ತಂತೆ. ಈಗ ಬಾಯಲ್ಲಿ ಒಂದು ಹಲ್ಲೂ ಇಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಬೇಕು, ಮಾತೆಲ್ಲ ಬರೀ 'ಫೂ ಫೂ'. ಮಗಳಿಗೊಬ್ಬಳಿಗೇ ಅದು ಅರ್ಥವಾಗುತ್ತಿತ್ತು. ಜಂಬಯ್ಯ ಮಾತ್ರ ದಿನಾ ಬೆಳಿಗ್ಗೆ ಅವಳ ಕಾಲಿಗೆ ಬಿದ್ದು, ಆ ಉದ್ದನೆಯ 'ಫೂ ಫೂ' ಆಶೀರ್ವಾದವನ್ನು ಕಣ್ಣುಮುಚ್ಚಿ ಸ್ವೀಕರಿಸಿಯೇ ಕಚೇರಿಗೆ ಹೊರಡುತ್ತಿದ್ದ.

"ಅವ್ವಗ ಈ ವಯಸ್ಸಿನಾಗ ಕಂಪನಿ ಹಲ್ಲು ಯಾಕ್ರಿ? ಅಕಿ ಮಾತು ಹಂಗ ಇರ್ಲಿ ಬಿಡ್ರಿ, ನಿಮಗ ಚಲೋ," ಎಂದಳು ಪಕ್ಕೀರಮ್ಮ.

"ನಿನಗ ಸೈನ್ಸು ತಿಳಿಯಂಗಿಲ್ಲ."

ಹೊಸಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ನಾಕಾರು ಸಲ ಅಲೆದ ಮೇಲೆ ಕಟ್ಟಿಸಿದ ಹಲ್ಲು ಬಂದವು. ಭರಮಮ್ಮ ಮೂಸಿ ನೋಡಿದಳು. ಸತ್ತವರದಲ್ಲ ಎಂದು ಅಳಿಯ ಆಣೆ ಮಾಡಿದ ಮೇಲೆಯೇ ಬಾಯಿಗಿಟ್ಟದ್ದು. ಆಮೇಲೆ ಖಡಕ್ ರೊಟ್ಟಿಯೊಂದನ್ನು ಕಟಕ್ಕನೆ ಕಡಿದಳು. ಓಣಿಯ ಹೆಂಗಸರು ನೋಡಲು ಬಂದರು. ಅವರೆದುರು ಇನ್ನೊಂದು ರೊಟ್ಟಿ ಕೇಳಿ ತಿಂದಳು. ಪಕ್ಕೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಂಬಯ್ಯ ಬ್ರಹ್ಮನ ಗತ್ತಿನಲ್ಲಿ ಕಟ್ಟೆಯ ಮೇಲೆ ಅಡ್ಡಾಡಿದ.

ಮರುದಿನ ಬೆಳಿಗ್ಗೆ ಇಸ್ತ್ರಿ ಪ್ಯಾಂಟು ತೊಟ್ಟು, ಪಕ್ಕದ ಮನೆಯ ಚೌಡಣ್ಣನನ್ನೂ ಕರೆದ. "ಬಾರಪ್ಪ, ಇವತ್ತು ಆಶೀರ್ವಾದ ಅಕ್ಷರ ಅಕ್ಷರ ಕೇಳಿಸ್ತೈತಿ!"

ಬಗ್ಗಿದ. ಭರಮಮ್ಮನ ಬಾಯಿ ತೆರೆಯಿತು.

"ಸಂತಿಗೆ ಹೊಂಟ ಟಗರಿನಂಗ ದಿನಾ ತಲಿ ಒಡ್ಡಿ ನಿಲ್ಲಬ್ಯಾಡಲೇ ಮೈಗಳ್ಳ! ನನ್ನ ಮಗಳು ಬೋರಿಂಗು ಹೊಡದು ಹೊಡದು ಸವದು ಹೋಗ್ಯಾಳ. ಒಂದು ಕೊಡ ನೀರು ತಂದಿಟ್ಟು ಕಚೇರಿಗೆ ಸಾಯಿ!"

ಚೌಡಣ್ಣ ಬಾಯಿಗೆ ಟವೆಲ್ಲು ತುರುಕಿಕೊಂಡು ಹೊರಗೋಡಿದ.

"ಏನಂದಳಲೇ ಅತ್ತಿ?" ಜಂಬಯ್ಯ ಹೆಂಡತಿಯ ಕಡೆ ತಿರುಗಿದ.

"ದಿನಾ ಅನ್ನೋದನ್ನ ಅಂದಾಳ."

"ದಿನಾ?!"

"ಹಬ್ಬ ಇದ್ರ ಇನ್ನೂ ಎರಡು ಮಾತು ಜಾಸ್ತಿ ಇರ್ತಾವ್ರಿ."

ಜಂಬಯ್ಯ ಬೆವತ. ಆದರೆ ವಿಜ್ಞಾನಿ ಅಷ್ಟಕ್ಕೇ ಸೋಲುವವನೇ? ಮೆಲ್ಲಗೆ, "ಅತ್ತೀ, ಡಾಕ್ಟ್ರು ಹೇಳಿದ್ದು ಮರ್ತಿದ್ದೆ. ಬೆಳಿಗ್ಗಿ ಹೊತ್ತು ಹಲ್ಲು ನೀರಾಗ ನೆನಿಬೇಕಂತ. ಇಲ್ಲಾಂದ್ರ ಸೀಳ್ತಾವಂತ," ಎಂದ.

ಭರಮಮ್ಮ ಎರಡೂ ಸಾಲು ಕಿತ್ತು ಅಂಗೈಯಲ್ಲಿಟ್ಟುಕೊಂಡಳು. ಜಂಬಯ್ಯನಿಗೆ ಹೋದ ಜೀವ ಬಂತು. ಅವಳು ಚೊಂಬು ಬಗ್ಗಿಸಿದಳು, ಹಂಡೆಯೊಳಗೆ ಇಣುಕಿದಳು. ಎಲ್ಲೂ ಒಂದು ಹನಿ ನೀರಿಲ್ಲ. ಖಾಲಿ ಕೊಡವನ್ನು ತಂದು ಅಳಿಯನ ಎದೆಗೊತ್ತಿ, "ಫೀಊ!" ಎಂದಳು.

ಜಂಬಯ್ಯನಿಗೆ ಒಂದೇ ಸಲಕ್ಕೆ ತಿಳಿಯಿತು.

ಇಸ್ತ್ರಿ ಪ್ಯಾಂಟು ಮಡಚಿಕೊಂಡು ಗುಮಾಸ್ತರು ಬೋರಿಂಗಿನ ಹಿಡಿಗೆ ಕೈ ಹಾಕಿದ್ದನ್ನು ಸಾಲಿನಲ್ಲಿದ್ದ ಹೆಂಗಸರು ಕಂಡರು. ಕಂಡು ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಕೊಡಗಳನ್ನೂ ಅವನ ಮುಂದೆ ತಳ್ಳಿದರು.