ಅತ್ತೆಯ ಸೋಬಾನೆ, ನನ್ನ ಪಾಜ್ ಗುಂಡಿ

ಟೇಪ್ ರೆಕಾರ್ಡರಿನ ಜೊತೆ ಬಂದ ಪುಸ್ತಿಕೆಯನ್ನು ನಾನು ಆದ್ಯಂತ ಓದಿದ್ದೆ. ಲೆವೆಲ್, ಬೇಸ್, ಟ್ರೆಬಲ್, ಎಕೋ, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ತಿಪಟೂರಿನಲ್ಲಿ ಇಷ್ಟು ತಿಳಿದವನು ಇನ್ನೊಬ್ಬನಿಲ್ಲವೆಂಬ ಧೈರ್ಯದಲ್ಲಿ, ಹೆಂಡತಿ ಪಾರ್ವತಿಯೊಡನೆ ಅವಳ ತವರು ಹಾಲ್ಕುರಿಕೆಯ ಬಸ್ಸು ಹತ್ತಿದೆ.

ಅತ್ತೆ ಗೌರಮ್ಮನವರಿಗೆ ಗಂಟಲಲ್ಲೊಂದು ಗಂಟು. ಮರುದಿನವೇ ಬೆಂಗಳೂರಿನಲ್ಲಿ ಆಪರೇಷನ್. ದನಿ ಮೊದಲಿನಂತೆ ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಸುತ್ತಲಿನ ಮದುವೆಗಳಿಗೆಲ್ಲ ಸೋಬಾನೆ ಹಾಡಿದ ದನಿ ಅದು. ಅದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಬೇಕೆಂಬುದು ಪಾರ್ವತಿಯ ಆಸೆ.

ಬರಿಗೋಡೆಗೆ ದನಿ ಬಡಿದರೆ ಎಕೋ ಬರುತ್ತದೆಂದು ಕಿಟಕಿ ಮುಚ್ಚಿಸಿ, ಗೋಡೆಗೆಲ್ಲ ಕಂಬಳಿ ಇಳಿಬಿಡಿಸಿದೆ. ಕೊಬ್ಬರಿ ಚೀಲಗಳ ನಡುವೆ ಅತ್ತೆ ಬೆವರುತ್ತ ಕೂತರು. ದನಿ ಏರಿದ ಕೂಡಲೇ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು.

"ಲೆವೆಲ್ ಜಾಸ್ತಿ ಆಯ್ತು. ಸ್ವಲ್ಪ ಹಿಂದಕ್ಕೆ ಸರೀರಿ ಅತ್ತೆ."

ಸರಿದರು. ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ಮತ್ತೆ ಸರಿಸಿದೆ.

"ಇನ್ನೂ ಸರುದ್ರೆ ಕೊಟ್ಟಿಗೆಗೆ ಬೀಳ್ತೀನಿ ಕಣ್ರೀ," ಎಂದರು ಅತ್ತೆ.

"ಬೀಳು ಬುಡವ್ವ. ಅದೇನೋ ಬೇಸ್ ಅಂತಾರಲ್ಲ, ಅದ್ನ ಎಮ್ಮೆ ಕೊಡ್ತದೆ," ಎಂದಳು ಪಾರ್ವತಿ.

ಹಾಡುಗಳ ನಡುವಿನ ಕೆಮ್ಮು, ಹರಟೆ ಟೇಪಿಗೆ ಬೀಳಬಾರದಲ್ಲ. ಅದಕ್ಕೆ ಪಾಜ್ ಗುಂಡಿ. ಒಮ್ಮೆ ಒತ್ತಿದರೆ ಟೇಪು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಓಡುತ್ತದೆ. ಹಾಡು ಶುರುವಾದಾಗ ಒತ್ತಿದೆ, ಮುಗಿದಾಗ ಒತ್ತಿದೆ. ಮುಳ್ಳಂತೂ ಕುಣಿಯುತ್ತಲೇ ಇತ್ತು. ಟೇಪು ತಿರುಗುತ್ತಿದೆಯೇ ಎಂದು ನೋಡುವಷ್ಟು ಪುರುಸೊತ್ತು ನನ್ನಂಥ ಎಂಜಿನಿಯರರಿಗೆ ಇರಲಿಲ್ಲ.

ಅತ್ತೆಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕ್ಯಾಸೆಟ್ ಹಾಕಿದೆವು. ಕೆಮ್ಮು ಬಂತು. ಎಮ್ಮೆ ಬಂತು. "ಪಾರೂ, ಬೆಳಗ್ಗಿಂದ ಏನಾದ್ರೂ ಉಂಡ್ಯೇನವ್ವಾ?" ಎಂಬ ಅತ್ತೆಯ ಮಾತು ಗಂಟೆ ಬಡಿದಂತೆ ಬಂತು. ಹಾಡು ಮಾತ್ರ ಒಂದೂ ಇರಲಿಲ್ಲ. ಪಾಜ್ ಗುಂಡಿಯನ್ನು ನಾನು ಮೊದಲಿನಿಂದ ಕೊನೆಯವರೆಗೂ ತಿರುಗುಮುರುಗಾಗಿ ಒತ್ತಿದ್ದೆ.

ನೆಲ ಬಿರಿದು ನನ್ನನ್ನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು. ಪಾರ್ವತಿ ಬೈಯಲಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿ, ಸ್ಪೀಕರಿಗೆ ಕಿವಿಯಿಟ್ಟು, "ಉಂಡ್ಯೇನವ್ವಾ" ಎಂಬುದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಳು.

ಗಂಟು ಹೋಯಿತು. ಅತ್ತೆ ಬದುಕಿ ಊರಿಗೆ ಬಂದರು, ಒಣಗರಿ ಎಳೆದಂಥ ಗೊಗ್ಗರು ದನಿಯೊಂದಿಗೆ. ಕ್ಯಾಸೆಟ್ ಕೇಳಿ ಗಂಟಲು ಹಿಡಿದುಕೊಂಡು ನಕ್ಕರು.

"ಹಾಡು ಪಾರೂಗೆ ಹೇಳ್ಕೊಡ್ತೀನಿ ಬುಡಿ. ಜೀವ ಉಳೀತಲ್ಲ, ಸಾಕು. ಈ ಗೌರಿ ಮೊದ್ಲು ಹಿಂಗೆ ಮಾತಾಡ್ತಿದ್ಲು ಅಂತ ಗೊತ್ತಾಯ್ತದಲ್ಲ, ಅದೇ ಎಷ್ಟೋ ಆಯ್ತು."

ಹೇಳಿಕೊಟ್ಟರು ಕೂಡ. ಈಗ ಮದುವೆಗಳಲ್ಲಿ ಪಾರ್ವತಿ ಹಾಡುತ್ತಾಳೆ, ಪಕ್ಕದಲ್ಲಿ ಅತ್ತೆ ತಾಳ ಹಾಕುತ್ತಾರೆ. ದೇವರ ಮುಂದೆ ನಿಂತಾಗ ನನಗೆ ಇನ್ನೇನೂ ಕೇಳಲು ತೋಚುವುದಿಲ್ಲ.

ನೆಂಟರು ಬಂದಾಗಲೆಲ್ಲ ಮನೆಯಲ್ಲಿ ಆ ಕ್ಯಾಸೆಟ್ ಹಾಕುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ನನ್ನದೇ ದನಿ. "ಎಲ್ಲರೂ ಸುಮ್ಮನಿರಿ, ಈಗ ರೆಕಾರ್ಡಿಂಗ್ ಶುರು," ಎನ್ನುತ್ತೇನೆ. ಆಮೇಲೆ ಟಕ್ ಎಂದು ಒಂದು ಸದ್ದು. ಅದರ ಬೆನ್ನಿಗೇ ಅತ್ತೆ, "ಮುಗೀತಾ?" ಎನ್ನುತ್ತಾರೆ.