‘ಪ್ರತೀತಿಯಂತೆ’ ಎಂಬ ಮಾತೂ ಮಗಳ ಬಯೋಡಾಟಾವೂ

ಐದನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ನಾನು ಕಟ್ಟಿದ ಗೋಡೆಯಲ್ಲಿ ಒಂದು ಬಿರುಕು ತೋರಿಸಿ ನೋಡೋಣ! ಇಂಥ ಗೌಂಡಿಗೆ ಮಗಳ ಮದುವೆಗೊಂದು ಬಯೋಡಾಟಾ ಬರೆಯುವುದು ಯಾವ ಮಹಾ ಕೆಲಸ?

ಅದರಲ್ಲೂ ನನಗೊಂದು ದೊಡ್ಡ ಮಾತು ಸಿಕ್ಕಿತ್ತು. ಗೊಳಸಂಗಿಯಲ್ಲಿ ಒಂದು ಶಾಲೆಯ ಗೋಡೆಗೆ ಗಿಲಾವು ಮಾಡುತ್ತಿದ್ದಾಗ ಒಳಗೆ ಮಾಸ್ತರರು ಓದುತ್ತಿದ್ದರು: “ಪ್ರತೀತಿಯಂತೆ ಈ ಬಾವಿಯ ತಳವನ್ನು ಯಾರೂ ಕಂಡಿಲ್ಲ.”

ಕಿಟಕಿಯಿಂದಲೇ ಕೇಳಿದೆ, “ಸರ, ಪ್ರತೀತಿಯಂತೆ ಅಂದ್ರ ಏನ್ರಿ?”

“ಮಂದಿ ಎಲ್ಲಾ ಹಂಗ ನಂಬ್ಯಾರ ಅಂತ ಅರ್ಥರೀ.”

ಕೈಯಲ್ಲಿದ್ದ ಕರಣಿ ಅಲ್ಲೇ ನಿಂತಿತು. ಅಬ್ಬಾ! ಇಡೀ ಊರಿನ ನಂಬಿಕೆಯನ್ನು ಒಂದೇ ಮಾತಿನಲ್ಲಿ ತುಂಬಿಟ್ಟ ಪುಣ್ಯಾತ್ಮ ಯಾರೋ! ನನ್ನ ಹತ್ತಿರ ಯಾವ ಸರ್ಟಿಫಿಕೇಟು ಇದೆ? ಮಂದಿ ನಂಬಿದ್ದಾರೆ, ಕರೆದು ಕೆಲಸ ಕೊಡುತ್ತಾರೆ. ಕಾಗದ ಸುಳ್ಳು ಹೇಳೀತು, ಊರಿಗೆ ಊರೇ ಸುಳ್ಳು ಹೇಳುತ್ತದೆಯೇ? ಬಯೋಡಾಟಾದ ಪ್ರತಿ ಸಾಲಿಗೂ ಈ ಮಾತಿನದೇ ಬುನಾದಿ ಹಾಕಿದೆ.

ರವಿವಾರ ದೇವಣಗಾಂವದಿಂದ ವರನ ಕಡೆಯವರು ಬಂದರು. ಮೂರು ಸಂಬಂಧ ತಪ್ಪಿದ ಮೇಲೆ ಬಂದ ಸಂಬಂಧ. ಮಗಳು ಗಂಗಾಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ವರನ ಸೋದರಮಾವ ನಿವೃತ್ತ ಮಾಸ್ತರರು. ಚಶ್ಮಾ ಏರಿಸಿ, ನನ್ನ ಬಯೋಡಾಟಾವನ್ನು ಎಲ್ಲರಿಗೂ ಕೇಳುವಂತೆ ಓದತೊಡಗಿದರು.

“ಪ್ರತೀತಿಯಂತೆ ಹುಡುಗಿಯ ವಯಸ್ಸು ಇಪ್ಪತ್ಮೂರು.”

ನಾನು ಮೀಸೆ ತಿರುವಿದೆ.

“ಪ್ರತೀತಿಯಂತೆ ಬಿ.ಎ. ಪಾಸು.”

ವರನ ತಾಯಿ ಚಹಾದ ಕಪ್ಪು ಕೆಳಗಿಟ್ಟರು.

“ಪ್ರತೀತಿಯಂತೆ... ತಂದೆ...” ನನ್ನ ಹೆಸರು ಓದಿ ನನ್ನ ಮುಖ ನೋಡಿದರು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು!

“ಯಾಕ್ರಿ, ಏನಾತು?” ಎಂದೆ.

“ಯಜಮಾನ್ರ, ಹಿಂಗ ಬರದ್ರ, ಮಂದಿ ಹಂಗ ಅಂತಾರ, ಖರೇನೋ ಸುಳ್ಳೋ ನಾವು ಕಂಡಿಲ್ಲ ಅಂದಂಗ ಆಗತೈತಿ!”

ನಾನು ದಂಗಾದೆ. ಎಂಥಾ ಮಾತಪ್ಪಾ ಅದು! ಊರನ್ನೆಲ್ಲ ನನ್ನ ಬೆನ್ನಿಗೆ ನಿಲ್ಲಿಸಿದ್ದೇನೆ ಅಂದುಕೊಂಡರೆ ವಯಸ್ಸು, ಓದು, ಅಪ್ಪ ಮೂರನ್ನೂ ಒಂದೇ ಏಟಿಗೆ ಕೆಡವಿತ್ತು!

ಹೆಂಡತಿ ಸೌಟು ಹಿಡಿದೇ ಮುಂದೆ ಬಂದಳು. “ಇಪ್ಪತ್ತೈದು ವರ್ಷ ನಿಮ್ಮ ಕೂಡ ಬಾಳೇವು ಮಾಡೇನಿ. ನಾಕ ಮಂದ್ಯಾಗ ಇದನ್ನ ಓದಸಾಕ ಕರದೀರೇನ್ರಿ?”

“ಅಲ್ಲ ಕೇಳಿಲ್ಲಿ, ಊರೆಲ್ಲಾ ನಂಬೈತಿ ಅಂತ ಬರದೇನಿ!”

“ಊರ ಯಾಕ ನಂಬಬೇಕ್ರಿ? ನೀವು ನಂಬೀರಿಲ್ಲೋ?”

ಮೀಸೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ.

ಗಂಗಾ ನಗು ತಡೆಯಲಾರದೆ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು ತಂದಿಟ್ಟಳು. “ವಯಸ್ಸು, ಓದು ಇದರಾಗ ಅದಾವ್ರಿ ಕಾಕಾರ. ಇನ್ನ ಅಪ್ಪನ ಹಟಾ ಹಂಗಽ ನನಗ ಬಂದೈತಿ, ಅದಕ್ಕ ಕಾಗದ ಬ್ಯಾಡ್ರಿ.”

ಎಲ್ಲರಿಗಿಂತ ಜೋರಾಗಿ ನಕ್ಕವನು ವರ. ಸಂಬಂಧ ಕುದುರಿತು!

ಕುಳಿತಲ್ಲೇ ಲಗ್ನಪತ್ರಿಕೆಯ ಮಾತು ಬಂತು. ನಾನು ಪೆನ್ನು ತೆಗೆದೆ. ಮಾಸ್ತರರು ಮೆಲ್ಲಗೆ ಅದನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಬರೆಯತೊಡಗಿದರು. ವಧುವಿನ ತಂದೆ ಎಂಬಲ್ಲಿ ತಡೆದು, ಬಲು ಮರ್ಯಾದೆಯಿಂದ ಕೇಳಿದರು, “ಇಲ್ಲಿ ಇವರ ಹೆಸರ ಬರೀಲೇನ್ರಿ?”

ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು! ಅವಳಾದರೂ ಕೂಡಲೇ ಹೂಂ ಅನ್ನಬಾರದೇ? ಒಂದು ಕಪ್ಪು ಚಹಾ ಪೂರ್ತಿ ಕುಡಿದ ಮೇಲೆ ಅಂದಳು, “ಬರೀರಿ.”